ಮಾನ್ಯತೆ ಎಂಬ ಒಂದು ಪದ, ನಾಲ್ಕು ಕಾಗದ: ಕಾಲೇಜು ಶಿಕ್ಷಣ ಇಲಾಖೆಯ ಜಂಟಿ ನಿರ್ದೇಶಕರಿಗೆ ಬಹಿರಂಗ ಪತ್ರ

ಇವರಿಗೆ,
ಜಂಟಿ ನಿರ್ದೇಶಕರು, ಕಾಲೇಜು ಶಿಕ್ಷಣ ಇಲಾಖೆ, ಮೈಸೂರು

ವಿಷಯ: ಬಿಬಿಎ ಮತ್ತು ಎಂಬಿಎ ಪ್ರವೇಶದ ಅರ್ಜಿಯ ಮೊದಲ ಪುಟದಲ್ಲಿ ಮಾನ್ಯತೆಯ ಪೂರ್ಣ ವಿವರವನ್ನು ಕನ್ನಡದಲ್ಲಿ ಮುದ್ರಿಸುವುದನ್ನು ಕಡ್ಡಾಯಗೊಳಿಸುವ ಕೋರಿಕೆ

ಮಾನ್ಯರೇ,

ಮಂಡ್ಯ ಜಿಲ್ಲೆಯ ಪದವಿಪೂರ್ವ ಕಾಲೇಜುಗಳಲ್ಲಿ ಮೂರು ದಶಕ ಲೆಕ್ಕಶಾಸ್ತ್ರ ಮತ್ತು ವ್ಯವಹಾರ ಅಧ್ಯಯನ ಕಲಿಸಿ ನಿವೃತ್ತನಾದವನು ನಾನು. ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಜುಲೈ ಕಳೆಯುವವರೆಗೂ ನನ್ನ ಮನೆಯ ಜಗಲಿಯಲ್ಲಿ ಹಳೆಯ ವಿದ್ಯಾರ್ಥಿಗಳ ತಮ್ಮ ತಂಗಿಯರು, ಅವರ ತಂದೆ ತಾಯಿ, ಒಮ್ಮೊಮ್ಮೆ ಊರಿನ ಹಿರಿಯರೊಬ್ಬರು, ಅಂಕಪಟ್ಟಿಯ ಜೊತೆಗೆ ಕಾಲೇಜುಗಳ ಬಣ್ಣದ ಕರಪತ್ರಗಳ ಕಟ್ಟನ್ನು ಹಿಡಿದು ಬಂದು ಕೂರುತ್ತಾರೆ. ಹೆಚ್ಚಿನವರು ಬಿಬಿಎ ಸೇರಬೇಕೆಂದವರು. ಪದವಿ ಮುಗಿಸಿ ಎಂಬಿಎ ಹುಡುಕುತ್ತಿರುವವರೂ ಇರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ‘ಸಾರ್, ಈ ಕಾಲೇಜಿಗೆ ಮಾನ್ಯತೆ ಇದೆಯಾ?’

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಇದಕ್ಕೆ ಉತ್ತರ ಹೇಳುವುದು ನನಗೆ ಇಂದಿಗೂ ಆಗಿಲ್ಲ. ಕನ್ನಡದಲ್ಲಿ ನಾವು ‘ಮಾನ್ಯತೆ’ ಎಂಬ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುಂಬಿಬಿಟ್ಟಿದ್ದೇವೆ. ಪದವಿ ಕೊಡುವ ಅಧಿಕಾರ ಯಾರದು ಎಂಬುದು ಒಂದು. ಆ ಅಧಿಕಾರವಿರುವ ವಿಶ್ವವಿದ್ಯಾಲಯದೊಂದಿಗೆ ಈ ಕಾಲೇಜಿಗೆ ಈ ವರ್ಷಕ್ಕೆ ಸಂಯೋಜನೆ (ಅಫಿಲಿಯೇಶನ್) ಇದೆಯೇ ಎಂಬುದು ಇನ್ನೊಂದು. ಈ ಕೋರ್ಸನ್ನು ಇಷ್ಟು ಸೀಟುಗಳಿಗೆ ನಡೆಸಲು ಎಐಸಿಟಿಇ, ಅಂದರೆ ತಾಂತ್ರಿಕ ಮತ್ತು ನಿರ್ವಹಣಾ ಶಿಕ್ಷಣದ ರಾಷ್ಟ್ರೀಯ ಪರಿಷತ್ತಿನ ಅನುಮೋದನೆ ಸಿಕ್ಕಿದೆಯೇ ಎಂಬುದು ಮತ್ತೊಂದು. ಕಾಲೇಜಿನ ಗುಣಮಟ್ಟವನ್ನು ನ್ಯಾಕ್ ಅಥವಾ ಎನ್‌ಬಿಎ ಎಂಬ ಮೌಲ್ಯಾಂಕನ ಸಂಸ್ಥೆಗಳು ಅಳೆದಿವೆಯೇ ಎಂಬುದು ಕಡೆಯದು. ಕರಪತ್ರದಲ್ಲಿ ಮಾತ್ರ ‘ಸರ್ಕಾರದಿಂದ ಮಾನ್ಯತೆ ಪಡೆದ’ ಎಂಬ ಒಂದೇ ಸಾಲು ದಪ್ಪಕ್ಷರದಲ್ಲಿ ಇರುತ್ತದೆ. ನಾಲ್ಕರಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಇದೇ ಗೊಂದಲಕ್ಕೆ ಸಿಕ್ಕಿ ಒಂದು ಕುಟುಂಬ ಪಟ್ಟ ಪಾಡನ್ನು ಹತ್ತಿರದಿಂದ ಕಂಡಿದ್ದರಿಂದಲೇ ಈ ಪತ್ರವನ್ನು ತಮಗೂ, ತಮ್ಮ ಮೂಲಕ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳ ಪೋಷಕರಿಗೂ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಬಂದಿದ್ದಳು. ಅವರ ಮನೆಯಲ್ಲಿ ಪಿಯುಸಿ ದಾಟಿದವರಲ್ಲಿ ಅವಳೇ ಮೊದಲಿಗಳು, ಲೆಕ್ಕಶಾಸ್ತ್ರದಲ್ಲಿ ಬಹಳ ಚುರುಕು. ಅವಳು ತಂದಿದ್ದ ಕರಪತ್ರದಲ್ಲಿ ‘ನ್ಯಾಕ್ ಎ ಶ್ರೇಣಿ’ ಎಂಬ ಮಾತು, ಅದರ ಪಕ್ಕದಲ್ಲಿ ಲಾಂಛನ, ಕೆಳಗೆ ವಿಶ್ವವಿದ್ಯಾಲಯದ ಹೆಸರು ಇದ್ದವು. ನಾನು ಕನ್ನಡಕ ಹಾಕಿಕೊಂಡು ಓದಿ, ‘ಸೇರಿಸಿ, ತೊಂದರೆ ಇಲ್ಲ’ ಎಂದೆ. ಆ ಮಾತು ನನ್ನದೇ. ಅದನ್ನು ನಂಬಿ ಅವರು ಕಬ್ಬಿನ ಬಿಲ್ಲಿನ ಹಣದಲ್ಲಿ ಮೊದಲ ಕಂತು ಕಟ್ಟಿದರು. ಆ ಶ್ರೇಣಿ ಅದೇ ಟ್ರಸ್ಟಿನ ಬೇರೊಂದು ಕಾಲೇಜಿಗೆ ಸಿಕ್ಕಿದ್ದು, ಬಿಬಿಎ ನಡೆಸುತ್ತಿದ್ದ ಸಂಸ್ಥೆಗೆ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅದು ಅಷ್ಟಕ್ಕೇ ನಿಂತಿದ್ದರೆ ಪದವಿಯಾದರೂ ಕೈಗೆ ಬರುತ್ತಿತ್ತು. ಮಂಜೂರಾಗಿದ್ದ ಸೀಟುಗಳಿಗಿಂತ ಹೆಚ್ಚು ಮಂದಿಯನ್ನು ಕಾಲೇಜು ಸೇರಿಸಿಕೊಂಡಿತ್ತು; ಮೊದಲ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಾಗ ಕೆಲವರಿಗೆ ವಿಶ್ವವಿದ್ಯಾಲಯದ ಪ್ರವೇಶಾನುಮೋದನೆಯೇ ಸಿಗಲಿಲ್ಲ, ನೋಂದಣಿ ಸಂಖ್ಯೆ ಬರಲಿಲ್ಲ. ‘ಮುಂದಿನ ವಾರ ಬರುತ್ತದೆ’ ಎಂದು ಎರಡು ತಿಂಗಳು ಹೇಳಿದರು. ಬರಲಿಲ್ಲ. ಹುಡುಗಿಯ ಒಂದು ವರ್ಷ ಹೋಯಿತು, ಕಟ್ಟಿದ ಹಣದಲ್ಲಿ ಸ್ವಲ್ಪ ಮಾತ್ರ ತಿರುಗಿ ಬಂತು. ಮರುವರ್ಷ ಅವಳು ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಕಾಂ ಸೇರಿ ಮುಗಿಸಿದಳು. ಈಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಳೆ. ಅವಳ ತಂದೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಅವರು ಕೇಳಿದ್ದ ಪ್ರಶ್ನೆ ಸರಿಯಾಗಿಯೇ ಇತ್ತು, ನಾನು ಕೊಟ್ಟ ಉತ್ತರ ಮಾತ್ರ ತಪ್ಪಾಗಿತ್ತು. ಮೂವತ್ತು ವರ್ಷ ವಾಣಿಜ್ಯ ಕಲಿಸಿದ ನನಗೇ ಗೊತ್ತಾಗದ್ದು ಒಬ್ಬ ರೈತನಿಗೆ ಹೇಗೆ ಗೊತ್ತಾಗಬೇಕು?

ಆ ಮನುಷ್ಯ ಅಜಾಗರೂಕನಾಗಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ನಮ್ಮ ಜಿಲ್ಲೆಯ ರೈತರು ಭತ್ತದ ಬಿತ್ತನೆ ಬೀಜ ಕೊಳ್ಳುವಾಗ ಚೀಲಕ್ಕೆ ಹೊಲಿದ ಚೀಟಿಯ ಬಣ್ಣ ನೋಡುತ್ತಾರೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಮೂಲ ಬೀಜಕ್ಕೆ ಬಿಳಿಯದು, ತಳಿವರ್ಧಕ ಬೀಜಕ್ಕೆ ಹಳದಿಯದು ಎಂಬುದು ಓದು ಬಾರದವರಿಗೂ ಗೊತ್ತು. ಚೀಟಿಯ ಮೇಲೆ ತಳಿಯ ಹೆಸರು, ಪರೀಕ್ಷೆಯ ದಿನಾಂಕ, ಎಲ್ಲಿಯವರೆಗೆ ಬಿತ್ತಬಹುದು ಎಂಬುದೂ ಇರುತ್ತದೆ. ಒಂದು ಬೆಳೆಗೆ ಇಷ್ಟು ಸ್ಪಷ್ಟವಾದ ಗುರುತನ್ನು ಕಾನೂನಿನ ಬಲದಿಂದ ಕೊಡಿಸಿದ್ದೇವೆ. ಮಗಳ ಮೂರು ವರ್ಷಕ್ಕೆ ಮಾತ್ರ ಅಂಥದ್ದೊಂದು ಚೀಟಿಯನ್ನು ಇನ್ನೂ ಹೊಲಿದಿಲ್ಲ.

ಆ ಚೀಟಿಯಲ್ಲಿ ಏನಿರಬೇಕು ಎಂಬುದನ್ನು ವಿವರವಾಗಿ ಹೇಳಲು ಅಪ್ಪಣೆಯಾಗಬೇಕು.

ಮೊದಲು ಪದವಿ ಕೊಡುವವರ ಹೆಸರು. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನ ಪ್ರಕಾರ ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಅದೇ ಕಾಯ್ದೆಯ 3ನೇ ಕಲಮಿನಡಿ ಘೋಷಿತವಾದ ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವಿಷ್ಟೇ ಪದವಿ ಕೊಡಬಹುದು. ಕಾಲೇಜು ಪದವಿ ಕೊಡುವುದಿಲ್ಲ, ಪಾಠ ಮಾಡುತ್ತದೆ. ನಮ್ಮ ಭಾಗದಲ್ಲಿ ಇದು ಇನ್ನಷ್ಟು ಮುಖ್ಯವಾಗಿದೆ. 1916ರ ಜುಲೈ 27ರಂದು ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಹೆಸರನ್ನೇ ತಲೆಮಾರುಗಳಿಂದ ಕೇಳಿಕೊಂಡು ಬಂದ ಪೋಷಕರಿಗೆ ಈಗ ಒಂದೇ ಊರಿನ ಒಂದು ಕಾಲೇಜು ಮೈಸೂರಿಗೆ, ಇನ್ನೊಂದರ ಎಂಬಿಎ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಕಾಣುತ್ತದೆ. 2019ರಲ್ಲಿ ಮಂಡ್ಯಕ್ಕೇ ಒಂದು ವಿಶ್ವವಿದ್ಯಾಲಯ ಬಂತು. ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳಲ್ಲಿ ವಿಲೀನಗೊಳಿಸುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲಿಯೇ ನಡೆದಾಗ ನನ್ನ ಜಗಲಿಗೆ ಬಂದವರೆಲ್ಲ ‘ಸರ್ಟಿಫಿಕೇಟ್ ಮೇಲೆ ಯಾರ ಹೆಸರು ಬರುತ್ತೆ’ ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಅರ್ಜಿಯ ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರವಿರಬೇಕು.

ಎರಡನೆಯದು ಸಂಯೋಜನೆ. ಇದು ಕಾಲೇಜಿಗೆ ಒಟ್ಟಾರೆ ಒಮ್ಮೆ ಸಿಕ್ಕಿ ಶಾಶ್ವತವಾಗಿ ಉಳಿಯುವ ಬಿರುದಲ್ಲ. ಯಾವ ಕೋರ್ಸಿಗೆ, ಯಾವ ಶೈಕ್ಷಣಿಕ ವರ್ಷಕ್ಕೆ, ಎಷ್ಟು ವಿದ್ಯಾರ್ಥಿಗಳಿಗೆ ಎಂಬುದನ್ನು ಆದೇಶದಲ್ಲೇ ಬರೆದಿರುತ್ತಾರೆ. ಬಿಕಾಂಗೆ ಸಂಯೋಜನೆ ಇದ್ದ ಮಾತ್ರಕ್ಕೆ ಬಿಬಿಎಗೂ ಇದೆ ಎಂದು ತಿಳಿಯಬಾರದು. ನಾನು ಮೇಲೆ ಹೇಳಿದ ಹುಡುಗಿಯ ವರ್ಷವನ್ನು ನುಂಗಿದ್ದು ಇದೇ ಆದೇಶದ ಕಡೆಯ ಅಂಕಿ, ಅಂದರೆ ಸೀಟುಗಳ ಸಂಖ್ಯೆ. ಕಾಲೇಜುಗಳ ಪ್ರವೇಶ, ಪರೀಕ್ಷೆಗಳನ್ನು ನಿರ್ವಹಿಸುವ ರಾಜ್ಯದ ಯುಯುಸಿಎಂಎಸ್ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಹೆಸರು ಏರದೆ ಪರೀಕ್ಷೆಯಿಲ್ಲ. ಪ್ರವೇಶವೇ ಅಧಿಕೃತವಾಗದಿದ್ದರೆ ವಿದ್ಯಾರ್ಥಿವೇತನದ ಮಾತೂ ಇಲ್ಲ.

ಮೂರನೆಯದು ಎಐಸಿಟಿಇ ಅನುಮೋದನೆ. 1987ರ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ವ್ಯಾಪ್ತಿಯಲ್ಲಿ ಎಂಬಿಎ ಮೊದಲಿನಿಂದಲೂ ಇತ್ತು. ಬಿಬಿಎ ಮತ್ತು ಬಿಸಿಎ ಕೋರ್ಸುಗಳನ್ನು ಅದು ತನ್ನ ಅನುಮೋದನೆಯೊಳಗೆ ತಂದದ್ದು 2024-25ನೇ ಸಾಲಿನಿಂದ. ಆದ್ದರಿಂದ ಅಣ್ಣ ಬಿಬಿಎ ಓದುವಾಗ ಯಾರೂ ಕೇಳದ ಕಾಗದವನ್ನು ಈಗ ತಮ್ಮ ಸೇರುವಾಗ ಕೇಳಬೇಕಾಗಿದೆ, ಮತ್ತು ಈ ಬದಲಾವಣೆ ಹಳ್ಳಿಗಳನ್ನು ಇನ್ನೂ ಮುಟ್ಟಿಲ್ಲ. ಅನುಮೋದನೆಯ ಪತ್ರದಲ್ಲಿ ಸಂಸ್ಥೆಯ ಹೆಸರು, ವಿಳಾಸ, ಕೋರ್ಸು, ಅನುಮತಿಸಿದ ಸೀಟುಗಳು, ಅನ್ವಯಿಸುವ ಅವಧಿ ಎಲ್ಲವೂ ಇರುತ್ತವೆ. ಆದರೆ ಆ ಪತ್ರ ಇರುವುದು ಇಂಗ್ಲಿಷಿನಲ್ಲಿ, ಸಿಗುವುದು ಜಾಲತಾಣದ ಯಾವುದೋ ಮೂಲೆಯಲ್ಲಿ. ಇಲ್ಲಿಯೂ ಒಂದು ಎಚ್ಚರಿಕೆಯ ಮಾತು ಬೇಕು. ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ವಿಭಾಗಗಳಲ್ಲಿ ಕೋರ್ಸು ನಡೆಸಲು ಎಐಸಿಟಿಇಯ ಪೂರ್ವಾನುಮತಿ ಪಡೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಮಾನಸಗಂಗೋತ್ರಿಯ ಬಿ.ಎನ್. ಬಹದ್ದೂರ್ ಸಂಸ್ಥೆಯಂಥ ವಿಶ್ವವಿದ್ಯಾಲಯದ ವಿಭಾಗವನ್ನೂ ಒಂದು ಖಾಸಗಿ ಸಂಯೋಜಿತ ಕಾಲೇಜನ್ನೂ ಒಂದೇ ಪ್ರಶ್ನೆಯಿಂದ ಅಳೆಯಲಾಗದು. ಪೋಷಕರು ಇಷ್ಟೆಲ್ಲವನ್ನು ತಾವೇ ತಿಳಿದುಕೊಂಡು ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಕಡೆಯದು ಗುಣಮಟ್ಟದ ಮೌಲ್ಯಾಂಕನ. ಗೊಂದಲ ಹೆಚ್ಚಿರುವುದೂ, ಜಾಹೀರಾತಿನ ಕೈಚಳಕ ನಡೆಯುವುದೂ ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ನ್ಯಾಕ್ 1994ರಲ್ಲಿ ಸ್ಥಾಪನೆಯಾಯಿತು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. ಅದು ಅಳೆಯುವುದು ಇಡೀ ಸಂಸ್ಥೆಯನ್ನು. ಪಠ್ಯಕ್ರಮ, ಬೋಧನೆ ಮತ್ತು ಮೌಲ್ಯಮಾಪನ, ಸಂಶೋಧನೆ, ಕಟ್ಟಡ ಮತ್ತು ಗ್ರಂಥಾಲಯ, ವಿದ್ಯಾರ್ಥಿಗಳಿಗೆ ಸಿಗುವ ನೆರವು, ಆಡಳಿತ, ಸಂಸ್ಥೆಯ ಮೌಲ್ಯಗಳು ಎಂಬ 7 ಮಾನದಂಡಗಳಲ್ಲಿ ಅಂಕ ಕೊಟ್ಟು, 4ರ ಮಾಪಕದಲ್ಲಿ 3.51 ಮತ್ತು ಮೇಲ್ಪಟ್ಟರೆ ಎ++, 1.50 ಅಥವಾ ಅದಕ್ಕೂ ಕಡಿಮೆಯಾದರೆ ಮಾನ್ಯತೆಯೇ ಇಲ್ಲದ ಡಿ ಎಂದು ಶ್ರೇಣಿ ಹಾಕುವುದು ಅದರ ಕ್ರಮವಾಗಿತ್ತು. ಸಾಮಾನ್ಯವಾಗಿ ಆ ಶ್ರೇಣಿಯ ಆಯಸ್ಸು 5 ವರ್ಷ. ಅಕ್ಷರಗಳ ಬದಲಿಗೆ ‘ಮಾನ್ಯತೆ ಪಡೆದಿದೆ’, ‘ಪಡೆದಿಲ್ಲ’ ಎಂಬ ಎರಡೇ ವಿಭಾಗಗಳ ವ್ಯವಸ್ಥೆಗೆ ಹೋಗುವುದಾಗಿಯೂ, ಅದರ ಮೇಲೆ 1ರಿಂದ 5ರವರೆಗಿನ ಹಂತಗಳನ್ನು ತರುವುದಾಗಿಯೂ 2024ರ ಜನವರಿಯಲ್ಲಿ ನ್ಯಾಕ್ ಪ್ರಕಟಿಸಿತು. ಹಳೆಯ ಶ್ರೇಣಿಯಿಂದ ಹೊಸ ವಿಭಾಗಕ್ಕೆ ದಾಟುವ ಇಂಥ ಕಾಲದಲ್ಲಿ ದಿನಾಂಕವಿಲ್ಲದ ಶ್ರೇಣಿಗೆ ಬೆಲೆಯೇ ಇಲ್ಲ. ಅವಧಿ ಮುಗಿದ ‘ಎ’ಯನ್ನು ಫಲಕದಿಂದ ಅಳಿಸದ ಕಾಲೇಜುಗಳನ್ನು ನಾನೇ ಕಂಡಿದ್ದೇನೆ.

ಎನ್‌ಬಿಎ ಅಳೆಯುವುದು ಸಂಸ್ಥೆಯನ್ನಲ್ಲ, ಕೋರ್ಸನ್ನು. ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಎನ್‌ಬಿಎ ಮಾನ್ಯತೆ ಇದ್ದು, ಅದೇ ಆವರಣದ ಎಂಬಿಎ ವಿಭಾಗಕ್ಕೆ ಇಲ್ಲದಿರಬಹುದು. ಆದರೆ ಹೆಬ್ಬಾಗಿಲಿನ ಫಲಕದಲ್ಲಿ ‘ಎನ್‌ಬಿಎ ಮಾನ್ಯತೆ’ ಎಂದಷ್ಟೇ ಬರೆದಿರುತ್ತದೆ. ಎಂಬಿಎ ಸೇರುವ ಹುಡುಗ ಅದನ್ನು ತನ್ನ ಕೋರ್ಸಿನದೆಂದೇ ಓದುತ್ತಾನೆ. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಪಟ್ಟಿ ಕೊಡುವುದು ಕ್ರಮಾಂಕ, ಮಾನ್ಯತೆಯಲ್ಲ. ಇನ್ನು ‘ಐಎಸ್‌ಒ 9001 ಪ್ರಮಾಣಿತ ಕಾಲೇಜು’ ಎಂಬುದು ಕಚೇರಿಯ ಕೆಲಸದ ವಿಧಾನಕ್ಕೆ ಖಾಸಗಿ ಪ್ರಮಾಣೀಕರಣ ಸಂಸ್ಥೆ ಕೊಡುವ ಪತ್ರ. ಸಕ್ಕರೆ ಕಾರ್ಖಾನೆಗೂ ಅದು ಸಿಗುತ್ತದೆ. ಪದವಿಯ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ವಿದೇಶದ ಮುದ್ರೆಗಳ ವಿಷಯವೂ ಹೀಗೆಯೇ. ವ್ಯವಹಾರ ಶಿಕ್ಷಣಕ್ಕೆ ಅಮೆರಿಕದ ಎಎಸಿಎಸ್‌ಬಿ, ಯೂರೋಪಿನ ಇಕ್ವಿಸ್, ಬ್ರಿಟನ್ನಿನ ಆಂಬಾ ಎಂಬ ಗೌರವಾನ್ವಿತ ಮಾನ್ಯತೆಗಳಿವೆ. ಎಎಸಿಎಸ್‌ಬಿ ಹುಟ್ಟಿದ್ದು ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ರಲ್ಲಿಯೇ. ಬೆಂಗಳೂರಿನ ಐಐಎಂನಂಥ ಸಂಸ್ಥೆಗಳು ಅಂಥ ಮಾನ್ಯತೆಯನ್ನು ವರ್ಷಗಟ್ಟಲೆ ಶ್ರಮಿಸಿ ಪಡೆದಿವೆ. ಆದರೆ ಹಣ ತೆತ್ತರೆ ಮುದ್ರೆ ಕಳಿಸುವ, ಹೆಸರಿಗೆ ಮಾತ್ರ ‘ಅಂತರರಾಷ್ಟ್ರೀಯ ಪರಿಷತ್ತು’ಗಳಾಗಿರುವ ಅಂಗಡಿಗಳೂ ಜಗತ್ತಿನಲ್ಲಿವೆ. ಅಮೆರಿಕದಲ್ಲಿ ಮಾನ್ಯತೆ ಕೊಡುವ ಸಂಸ್ಥೆಯನ್ನೇ ಅಲ್ಲಿನ ಶಿಕ್ಷಣ ಇಲಾಖೆ ಅಥವಾ ಚಿಯಾ ಎಂಬ ಪರಿಷತ್ತು ಗುರುತಿಸಿದೆಯೇ ಎಂದು ವಿದ್ಯಾರ್ಥಿಗಳು ಮೊದಲು ವಿಚಾರಿಸುತ್ತಾರೆ. ಮಾನ್ಯತೆ ಕೊಟ್ಟವರ ಮಾನ್ಯತೆಯನ್ನೂ ಕೇಳುವ ಆ ಅಭ್ಯಾಸ ನಮ್ಮಲ್ಲಿಯೂ ಬರಬೇಕು.

ಇಷ್ಟು ಹೇಳಿದ ಮೇಲೆ, ಶ್ರೇಣಿಯನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ನ್ಯಾಕ್ ಪರಿಶೀಲನಾ ತಂಡವೊಂದರ ಸದಸ್ಯರನ್ನೇ ಲಂಚದ ಆರೋಪದಲ್ಲಿ ಸಿಬಿಐ 2025ರ ಫೆಬ್ರವರಿಯಲ್ಲಿ ಬಂಧಿಸಿದ್ದನ್ನು ಪತ್ರಿಕೆಗಳಲ್ಲಿ ಓದಿ ನನ್ನಂಥ ಮೇಷ್ಟ್ರುಗಳಿಗೆಲ್ಲ ಸಂಕಟವಾಯಿತು. ಅತ್ತ, ಶ್ರೇಣಿಯಿಲ್ಲದ ಕಾಲೇಜೆಲ್ಲ ಕೆಟ್ಟದ್ದೂ ಅಲ್ಲ. ಎರಡು ಸಾಲಿನ ವಿದ್ಯಾರ್ಥಿಗಳಾದರೂ ಪದವಿ ಮುಗಿಸದ, ಆರು ವರ್ಷವೂ ತುಂಬದ ಹೊಸ ಕಾಲೇಜಿಗೆ ಶ್ರೇಣಿಗಾಗಿ ನ್ಯಾಕ್ ಮುಂದೆ ಅರ್ಜಿ ಹಾಕುವ ಅರ್ಹತೆಯೇ ಹಳೆಯ ಕ್ರಮದಲ್ಲಿ ಇರಲಿಲ್ಲ. ನನ್ನ ಅನುಭವದಲ್ಲಿ ಶ್ರೇಣಿಯ ಅಕ್ಷರಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಆ ಶ್ರೇಣಿಗಾಗಿ ಕಾಲೇಜೇ ಸಿದ್ಧಪಡಿಸಿ ಸಲ್ಲಿಸುವ ಸ್ವಯಂ ಅಧ್ಯಯನ ವರದಿ. ಪೂರ್ಣಾವಧಿ ಅಧ್ಯಾಪಕರು ಎಷ್ಟು ಮಂದಿ, ಅವರಲ್ಲಿ ಎಷ್ಟು ಮಂದಿ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಸೆಟ್ ಅಥವಾ ಪಿಎಚ್‌ಡಿ ಪಡೆದವರು, ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ, ಕಡೆಯ ವರ್ಷದ ಪರೀಕ್ಷೆಗೆ ಕೂತವರೆಷ್ಟು, ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಮುಂದೆ ಓದಲು ಹೋದವರೆಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತದೆ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂಬ ಕರಪತ್ರದ ಮಾತನ್ನು ಆ ವರದಿಯ ಅಂಕಿಯ ಪಕ್ಕ ಇಟ್ಟು ನೋಡಿದರೆ ಸಾಕು.

ಹಾಗೆ ಇಟ್ಟು ನೋಡಿದಾಗ ಕೆಲವೊಮ್ಮೆ ಸರ್ಕಾರಿ ಕಾಲೇಜುಗಳೇ ಮೇಲೆ ಬರುತ್ತವೆ. ನಮ್ಮ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹಲವು ಬಿಬಿಎ ನಡೆಸುತ್ತಿವೆ. ಹೆಣ್ಣುಮಕ್ಕಳಿಗೆ ಮೈಸೂರಿನ ಮಹಾರಾಣಿ ಮಹಿಳಾ ವಾಣಿಜ್ಯ ಮತ್ತು ನಿರ್ವಹಣಾ ಕಾಲೇಜಿನಂಥ ಸಂಸ್ಥೆ ಇದೆ. ಶುಲ್ಕ ಕಡಿಮೆ, ಪದವಿಯ ಸಿಂಧುತ್ವದ ಬಗ್ಗೆ ಅನುಮಾನವಿಲ್ಲ. ಅತಿಥಿ ಉಪನ್ಯಾಸಕರ ಮೇಲೆಯೇ ಅವು ನಡೆಯುತ್ತಿವೆ ಎಂಬ ಕೊರತೆಯನ್ನು ನಾನು ಮುಚ್ಚಿಡುವುದಿಲ್ಲ, ಅದು ತಮಗೂ ಗೊತ್ತು. ಆದರೆ ‘ಸರ್ಕಾರಿ ಎಂದರೆ ಬೇಡ’ ಎಂದು ಮೂಗು ಮುರಿದು, ಸಾಲ ಮಾಡಿ, ನೋಡದ ಕಾಲೇಜಿಗೆ ಸೇರಿಸುವ ಪೋಷಕರು ಎರಡೂ ಕಡೆಯ ಕಾಗದಗಳನ್ನು ಒಟ್ಟಿಗೆ ನೋಡುವ ಅವಕಾಶ ಪಡೆದರೆ ಅವರ ತೀರ್ಮಾನ ಬೇರೆಯಾಗಬಹುದು ಎಂದು ನಾನು ನಂಬಿದ್ದೇನೆ.

ಎಂಬಿಎ ಹುಡುಕುವವರ ವಿಷಯದಲ್ಲಿ ಎರಡು ಸಂಗತಿಗಳು. ಪಿಜಿಡಿಎಂ ಎಂಬುದು ಸ್ನಾತಕೋತ್ತರ ಡಿಪ್ಲೊಮಾ, ಪದವಿಯಲ್ಲ. ಹಾಗೆಂದು ಅದು ಕೀಳೂ ಅಲ್ಲ. ಮೈಸೂರಿನಲ್ಲೇ 1993ರಿಂದ ಇರುವ ಎಸ್‌ಡಿಎಂ ನಿರ್ವಹಣಾ ಸಂಸ್ಥೆ ಪಿಜಿಡಿಎಂ ಕೊಡುವಂಥದ್ದೇ, ಅದರ ಹೆಸರು ದೇಶಕ್ಕೆಲ್ಲ ಗೊತ್ತು. ಅಂಥ ಡಿಪ್ಲೊಮಾಗೆ ಎಐಸಿಟಿಇ ಅನುಮೋದನೆ ಬೇಕೇ ಬೇಕು, ಮತ್ತು ಮುಂದೆ ಸರ್ಕಾರಿ ಕೆಲಸ ಅಥವಾ ಪಿಎಚ್‌ಡಿ ಬಯಸುವವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಅದನ್ನು ಎಂಬಿಎಗೆ ಸಮಾನವೆಂದು ಒಪ್ಪಿದೆಯೇ ಎಂದು ಸೇರುವ ಮೊದಲೇ ನೋಡಬೇಕು. ಎರಡನೆಯದು, ಕೆಲಸ ಮಾಡುತ್ತಲೇ ಓದುವವರ ದೂರಶಿಕ್ಷಣ ಮತ್ತು ಆನ್‌ಲೈನ್ ಎಂಬಿಎ. ಯುಜಿಸಿಯ ದೂರಶಿಕ್ಷಣ ವಿಭಾಗ ಆ ವರ್ಷಕ್ಕೆ, ಆ ಕೋರ್ಸಿಗೆ ಅನುಮತಿ ಕೊಟ್ಟಿದ್ದರೆ ಮಾತ್ರ ಅದು ಸಿಂಧು. ಕೊಟ್ಟಿದ್ದರೆ ಅದು ತರಗತಿಯಲ್ಲಿ ಕೂತು ಪಡೆದ ಪದವಿಗೆ ಸಮಾನ. ಅನುಮತಿ ಎಂಬುದು ನಿಂತೂ ಹೋಗಬಹುದು, ಮರಳಿಯೂ ಬರಬಹುದು ಎಂಬುದಕ್ಕೆ ಮೈಸೂರಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ: 1996ರಲ್ಲಿ ಮುಕ್ತಗಂಗೋತ್ರಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಕೆಲವು ವರ್ಷ ತಪ್ಪಿಹೋಗಿದ್ದ ಯುಜಿಸಿ ಮಾನ್ಯತೆ 2018ರಲ್ಲಿ ಮತ್ತೆ ದೊರೆತಾಗ ಎಷ್ಟು ಮನೆಗಳಲ್ಲಿ ಜನ ನಿಟ್ಟುಸಿರು ಬಿಟ್ಟರು ಎಂಬುದು ನಮಗೆಲ್ಲ ನೆನಪಿದೆ. ಮೊಬೈಲಿನಲ್ಲಿ ದಿನವೂ ಕರೆ ಮಾಡಿ ಆನ್‌ಲೈನ್ ಪದವಿ ಮಾರುವ ಕಂಪನಿಗಳು ವಿಶ್ವವಿದ್ಯಾಲಯಗಳಲ್ಲ. ಅವುಗಳಿಗೆ ಫ್ರಾಂಚೈಸಿ ಕೊಡುವಂತಿಲ್ಲ ಎಂದು ಯುಜಿಸಿ 2022ರಲ್ಲೇ ಎಚ್ಚರಿಸಿದೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಬಿಬಿಎ ಅಥವಾ ಎಂಬಿಎ ನಡೆಸುವ ಪ್ರತಿಯೊಂದು ಕಾಲೇಜೂ ತನ್ನ ಪ್ರವೇಶ ಅರ್ಜಿಯ ಮೊದಲ ಪುಟದಲ್ಲಿ, ಸರಳ ಕನ್ನಡದಲ್ಲಿ, ಪ್ರಾಂಶುಪಾಲರ ಸಹಿಯೊಂದಿಗೆ ಈ ಸಂಗತಿಗಳನ್ನು ಮುದ್ರಿಸಬೇಕು: ಪದವಿ ಪ್ರಮಾಣಪತ್ರದ ಮೇಲೆ ಬರುವ ವಿಶ್ವವಿದ್ಯಾಲಯದ ಹೆಸರು, ಈ ಕೋರ್ಸಿಗೆ ಈ ವರ್ಷದ ಸಂಯೋಜನಾ ಆದೇಶದ ಸಂಖ್ಯೆ ಮತ್ತು ದಿನಾಂಕ, ಎಐಸಿಟಿಇ ಅನುಮೋದನೆಯ ವಿವರ ಮತ್ತು ಮಂಜೂರಾದ ಸೀಟುಗಳು, ನ್ಯಾಕ್ ಶ್ರೇಣಿ ಇದ್ದರೆ ಅದು ಯಾವ ಸಂಸ್ಥೆಯ ಹೆಸರಿಗೆ ಇದೆ, ಎಂದಿನಿಂದ ಎಂದಿನವರೆಗೆ, ಎನ್‌ಬಿಎ ಇದ್ದರೆ ಯಾವ ಕೋರ್ಸಿಗೆ, ಯಾವುದಾದರೂ ಇಲ್ಲದಿದ್ದರೆ ‘ಇಲ್ಲ’ ಎಂಬ ಸ್ಪಷ್ಟವಾದ ಪದ. ಈ ‘ಇಲ್ಲ’ ಎಂಬ ಪದವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಈಗ ಕಾಲೇಜುಗಳು ಇಲ್ಲದ್ದನ್ನು ಇದೆಯೆಂದು ಹೇಳುವುದಕ್ಕಿಂತ ಹೆಚ್ಚಾಗಿ ಇಲ್ಲದ್ದರ ಬಗ್ಗೆ ಮೌನವಾಗಿರುತ್ತವೆ. ಎಐಸಿಟಿಇ ವ್ಯಾಪ್ತಿಯ ಸಂಸ್ಥೆಗಳು ಇದರಲ್ಲಿ ಬಹುಪಾಲನ್ನು ತಮ್ಮ ಜಾಲತಾಣದ ಕಡ್ಡಾಯ ಪ್ರಕಟಣೆಯಲ್ಲಿ ಈಗಾಗಲೇ ಹಾಕಬೇಕಾಗಿದೆ. ನಾನು ಕೇಳುತ್ತಿರುವುದು ಹೊಸ ನಿಯಮವನ್ನಲ್ಲ, ಇಂಗ್ಲಿಷಿನ ಕಡತದಲ್ಲಿ ಹುದುಗಿರುವುದನ್ನು ರೈತನ ಕೈಯಲ್ಲಿರುವ ಕಾಗದಕ್ಕೆ ಇಳಿಸುವುದನ್ನು.

ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳೂ ತಮ್ಮ ಇಲಾಖೆಯ ನೇರ ಹಿಡಿತದಲ್ಲಿಲ್ಲ ಎಂಬುದು ನನಗೆ ಗೊತ್ತಿದೆ. ತಮ್ಮ ವ್ಯಾಪ್ತಿಯಲ್ಲಿರುವ ಕಾಲೇಜುಗಳಿಂದ ಮೊದಲುಮಾಡಿ, ಉಳಿದವರಿಗೆ ತಾವು ಒಂದು ಪತ್ರ ಬರೆದರೂ ಸಾಕು. ಒಬ್ಬರು ಮುದ್ರಿಸಿ ಇನ್ನೊಬ್ಬರು ಮುದ್ರಿಸದಿದ್ದರೆ ಪೋಷಕರೇ ಕಾರಣ ಕೇಳುತ್ತಾರೆ. ಇದರ ಜೊತೆಗೆ ಎರಡೂ ಜಿಲ್ಲೆಗಳ ಬಿಬಿಎ ಕಾಲೇಜುಗಳ ಒಂದು ಕ್ರೋಡೀಕೃತ ಪಟ್ಟಿಯನ್ನು, ಮಂಜೂರಾದ ಸೀಟುಗಳ ಸಮೇತ, ಪದವಿಪೂರ್ವ ಶಿಕ್ಷಣದ ಉಪನಿರ್ದೇಶಕರ ಮೂಲಕ ಪ್ರತಿ ಪಿಯು ಕಾಲೇಜಿನ ಸೂಚನಾ ಫಲಕಕ್ಕೆ ಕಳಿಸಿಕೊಡಬೇಕೆಂದೂ ಬೇಡುತ್ತೇನೆ. ದ್ವಿತೀಯ ಪಿಯುಸಿಯ ಪರೀಕ್ಷೆ-1ರ ಫಲಿತಾಂಶ ಏಪ್ರಿಲ್‌ನಲ್ಲಿ ಬರುತ್ತಿದೆ. ಕರಪತ್ರ ಹಂಚುವವರು 2 ತಿಂಗಳು ಮೊದಲೇ ಹಳ್ಳಿಗೆ ಬಂದಿರುತ್ತಾರೆ. ಆದ್ದರಿಂದ ಪಟ್ಟಿ ಮಾರ್ಚ್ ಒಳಗೆ ಗೋಡೆಯ ಮೇಲಿರಬೇಕು.

ಇದನ್ನು ಓದುತ್ತಿರುವ ಪೋಷಕರಿಗೂ ಒಂದೆರಡು ಮಾತು. ಇಲಾಖೆಯ ಆದೇಶ ಬರುವವರೆಗೆ ಕಾಯಬೇಡಿ. ಮೇಲೆ ಹೇಳಿದ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕಾಲೇಜಿನ ಕಚೇರಿಯಲ್ಲಿ ಕೇಳಿ, ಆದೇಶದ ಪ್ರತಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತೋರಿಸಲು ಹಿಂಜರಿದರೆ ಅಂದು ಹಣ ಕಟ್ಟಬೇಡಿ. ‘ಇವತ್ತು ಕಟ್ಟದಿದ್ದರೆ ಸೀಟು ಹೋಗುತ್ತದೆ’ ಎಂಬ ಮಾತಿಗೆ ಹೆದರಬೇಡಿ. ಅಂಕಪಟ್ಟಿಯ ಮತ್ತು ವರ್ಗಾವಣೆ ಪತ್ರದ ಮೂಲ ಪ್ರತಿಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಅದೇ ಅಧಿಸೂಚನೆಯಂತೆ, ಪ್ರವೇಶದ ಕಡೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90, ಕಡೆಯ ದಿನ ಕಳೆದು 15 ದಿನದೊಳಗಾದರೆ ಶೇ. 80, 15 ದಿನ ಮೀರಿ 30 ದಿನದೊಳಗಾದರೆ ಶೇ. 50 ಹಿಂದಿರುಗಿಸಬೇಕು, ಪೂರ್ತಿ ಹಿಂದಿರುಗಿಸುವಾಗಲೂ ಸಣ್ಣದೊಂದು ನಿರ್ವಹಣಾ ವೆಚ್ಚವನ್ನಷ್ಟೇ ಹಿಡಿದುಕೊಳ್ಳಬಹುದು. ಪಾಂಡವಪುರದ ಆ ತಂದೆಗೆ ಇಂಥ ನಿಯಮಗಳಿರುತ್ತವೆ ಎಂದು ಹೇಳುವವರಿರಲಿಲ್ಲ. ನಾನೂ ಹೇಳಲಿಲ್ಲ.

ಮಾನ್ಯರೇ, ಅರ್ಜಿಯ ಮೊದಲ ಪುಟ ಹೇಗಿರಬಹುದು ಎಂಬುದರ ಒಂದು ಕರಡನ್ನು ನಾನು ಮತ್ತು ನಿವೃತ್ತರಾದ ಇಬ್ಬರು ಸಹೋದ್ಯೋಗಿಗಳು ಸೇರಿ ಸಿದ್ಧಪಡಿಸಿ ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. ಒಂದೇ ಪುಟ, ದೊಡ್ಡ ಅಕ್ಷರ, ಒಂದೂ ಇಂಗ್ಲಿಷ್ ವಾಕ್ಯವಿಲ್ಲ. ತಾವು ತಿದ್ದಿದರೆ ಸಂತೋಷ. ಎರಡು ಜಿಲ್ಲೆಗಳ ಪಟ್ಟಿಯನ್ನು ತಯಾರಿಸಲು ಸಿಬ್ಬಂದಿಯ ಕೊರತೆ ಇದ್ದರೆ, ಕಡತಗಳನ್ನು ಓದಿ ಕನ್ನಡಕ್ಕೆ ಇಳಿಸುವ ಕೆಲಸಕ್ಕೆ ಜನವರಿಯಿಂದ ಮಾರ್ಚ್‌ವರೆಗೆ ವಾರಕ್ಕೆ 3 ದಿನ ತಮ್ಮ ಕಚೇರಿಗೆ ಬಂದು ಕೂರಲು ನಾವು ಮೂವರೂ ಸಿದ್ಧರಿದ್ದೇವೆ. ಮಂಡ್ಯದಿಂದ ಮೈಸೂರಿಗೆ ಬರುವ ಬೆಳಗಿನ ಪ್ಯಾಸೆಂಜರ್ ರೈಲು ನಮಗೆ ಅನುಕೂಲ. ಅದಕ್ಕೆ ಸಂಭಾವನೆ ಬೇಡ. ತಮ್ಮ ಉತ್ತರವನ್ನು ಎದುರು ನೋಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯಶಾಸ್ತ್ರ ಉಪನ್ಯಾಸಕ
ಮಂಡ್ಯ